ಸಿಎಸ್‌ಎಸ್ ಮತ್ತು ಕನ್ನಡ ಲಿಪಿ

ಸಿಎಸ್‌ಎಸ್ ಎಂಬುದು 'ಕ್ಯಾಸ್ಕೇಡಿಂಗ್ ಸ್ಟೈಲ್ ಶೀಟ್ಸ್' ಎಂಬುದರ ಸಂಕ್ಷಿಪ್ತ ರೂಪ. ಜಾಲಪುಟದ ಬಟನ್, ಆಯ್ಕೆಪಟ್ಟಿ, ಪಠ್ಯಪೆಟ್ಟಿಗೆ, ಮೆನು ಮೊದಲಾದ ಅಂಗಗಳ ಅಳತೆ, ಬಣ್ಣ, ಅಕ್ಷರರೂಪ ಮತ್ತು ಅಂತರಗಳನ್ನು ನಿರ್ಧರಿಸುವ ಶೈಲಿಭಾಷೆ ಇದು. ಹೋಕನ್ ವಿಯುಮ್ ಲೀ ಇದನ್ನು 1994ರಲ್ಲಿ ಪ್ರಸ್ತಾಪಿಸಿದರು. ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಮೊದಲ ಆವೃತ್ತಿಯನ್ನು 1996ರ ಡಿಸೆಂಬರ್‌ನಲ್ಲಿ ಶಿಫಾರಸಾಗಿ ಪ್ರಕಟಿಸಿತು. ಲ್ಯಾಟಿನ್ ಲಿಪಿಗೆಂದು ಬರೆದ ಶೈಲಿಗಳನ್ನು ಹಾಗೆಯೇ ಕನ್ನಡ ಪುಟಗಳಿಗೆ ಅನ್ವಯಿಸಿದಾಗ ಅಕ್ಷರಗಳು ತುಂಡಾಗುವುದು, ಕೆಲವೊಮ್ಮೆ ಪದದ ಅರ್ಥವೇ ಬದಲಾಗುವುದು ಉಂಟು.

ಹಿನ್ನೆಲೆ

ಯೂನಿಕೋಡ್ ಬಳಕೆಗೆ ಬರುವ ಮುನ್ನ ಅನೇಕ ಕನ್ನಡ ತಾಣಗಳು ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಿದ ಫಾಂಟುಗಳನ್ನು ಅವಲಂಬಿಸಿದ್ದವು. ಓದುಗರ ಗಣಕದಲ್ಲಿ ಆ ಫಾಂಟ್ ಇಲ್ಲದಿದ್ದರೆ ಪುಟದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಷ್ಟೇ ಕಾಣುತ್ತಿದ್ದವು. ಅಂದರೆ ಫಾಂಟಿನ ಹೆಸರು ಅಲಂಕಾರವಾಗಿರಲಿಲ್ಲ, ಪಠ್ಯದ ಅರ್ಥವೇ ಅದರ ಮೇಲೆ ನಿಂತಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಂದಿಗೆ ತುಂಗಾ ಫಾಂಟ್ ದೊರೆಯಿತು. ಯೂನಿಕೋಡ್ ನೆಲೆಗೊಂಡ ಮೇಲೆ ಫಾಂಟಿನ ಆಯ್ಕೆ ಕೇವಲ ಶೈಲಿಯ ವಿಷಯವಾಯಿತು.

ಒತ್ತಕ್ಷರ ಮತ್ತು ಸಾಲಿನ ಎತ್ತರ

ಕನ್ನಡದಲ್ಲಿ ಗುಣಿತದ ಕೆಲವು ಚಿಹ್ನೆಗಳು ಅಕ್ಷರದ ಮೇಲಕ್ಕೂ ಒತ್ತಕ್ಷರಗಳು ಕೆಳಕ್ಕೂ ಚಾಚುತ್ತವೆ. ಆದ್ದರಿಂದ ಒಂದೇ ಗಾತ್ರದ ಲ್ಯಾಟಿನ್ ಅಕ್ಷರಕ್ಕಿಂತ ಇದಕ್ಕೆ ಹೆಚ್ಚು ಲಂಬ ಜಾಗ ಬೇಕು. ಬಟನ್ನಿನ ಎತ್ತರವನ್ನು ಪಿಕ್ಸೆಲ್‌ಗಳಲ್ಲಿ ಬಿಗಿದು, 'ಓವರ್‌ಫ್ಲೋ' ಗುಣಕ್ಕೆ 'ಹಿಡನ್' ಬೆಲೆ ಕೊಟ್ಟರೆ ಒತ್ತಕ್ಷರದ ಕೆಳಭಾಗ ಮರೆಯಾಗುತ್ತದೆ. ಆಗ 'ಕತ್ತೆ' 'ಕತೆ'ಯಾಗಿಯೂ 'ಕಳ್ಳ' 'ಕಳ'ವಾಗಿಯೂ ಕಾಣಬಹುದು.

ಹಾವೇರಿ ಜಿಲ್ಲೆಯ ಎಂಟು ತಾಲ್ಲೂಕುಗಳ ಆಯ್ಕೆಪಟ್ಟಿ ಇದಕ್ಕೆ ಒಳ್ಳೆಯ ಉದಾಹರಣೆ. ಹಾವೇರಿ, ಸವಣೂರು, ಹಿರೇಕೆರೂರು ಈ ಮೂರು ಹೆಸರುಗಳಲ್ಲಿ ಒತ್ತಕ್ಷರವಿಲ್ಲ; ಇವುಗಳಿಂದ ಮಾತ್ರ ಪರೀಕ್ಷಿಸಿದ ವಿನ್ಯಾಸ ಸರಿಯಾಗಿಯೇ ತೋರುತ್ತದೆ. ಶಿಗ್ಗಾಂವಿ, ಹಾನಗಲ್ಲ, ಬ್ಯಾಡಗಿ, ರಾಣೇಬೆನ್ನೂರು, ರಟ್ಟೀಹಳ್ಳಿ ಬಂದಾಗಲೇ ದೋಷ ಬಯಲಾಗುವುದು. ಅರ್ಜಿ ನಮೂನೆಗಳ 'ಸ್ತ್ರೀ' ಎಂಬ ಆಯ್ಕೆ ಇನ್ನೂ ಕಠಿಣ ಪರೀಕ್ಷೆ: ಮೇಲೆ ದೀರ್ಘ, ಕೆಳಗೆ ಎರಡು ಒತ್ತು. ತಮ್ಮ ಊರನ್ನೋ ಲಿಂಗವನ್ನೋ ಗುರುತಿಸಬೇಕಾದ ಅರ್ಜಿದಾರರಿಗೆ ಇದು ಸೌಂದರ್ಯದ ಪ್ರಶ್ನೆಯಲ್ಲ.

ಪರಿಹಾರ ಸರಳ. ನಿಗದಿತ ಎತ್ತರದ ಬದಲು 'ಮಿನ್-ಹೈಟ್' ಬಳಸಿ, ಒಳಅಂತರವನ್ನು 'ಎಮ್' ಮಾನದಲ್ಲಿ ಕೊಟ್ಟು, 'ಲೈನ್-ಹೈಟ್' ಗುಣಕ್ಕೆ ಮಾನವಿಲ್ಲದ ಸಂಖ್ಯೆ ನೀಡಬೇಕು. ಇಂಗ್ಲಿಷ್ ಬಟನ್ನಿಗೆ 1.2 ಸಾಕಾಗುವಲ್ಲಿ ಕನ್ನಡಕ್ಕೆ 1.6ರ ಆಸುಪಾಸು ಬೇಕಾಗಬಹುದು. ನಿಖರ ಬೆಲೆ ಫಾಂಟನ್ನು ಅವಲಂಬಿಸಿದೆ. ಪುಟದ ಕನ್ನಡ ಭಾಗಗಳಿಗೆ 'ಲ್ಯಾಂಗ್' ಸೂಚನೆ ಕೊಟ್ಟಿದ್ದರೆ ಈ ನಿಯಮಗಳನ್ನು ಅವುಗಳಿಗೆ ಮಾತ್ರ ಅನ್ವಯಿಸಬಹುದು.

ಇತರ ಗುಣಗಳು

ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲದ ಕಾರಣ 'ಟೆಕ್ಸ್ಟ್-ಟ್ರಾನ್ಸ್‌ಫಾರ್ಮ್' ಗುಣದಿಂದ ಏನೂ ಆಗುವುದಿಲ್ಲ. ಒತ್ತು ನೀಡಲು ದಪ್ಪ ಅಥವಾ ಬಣ್ಣವೇ ಬೇಕು. ಫಾಂಟಿನಲ್ಲಿ ದಪ್ಪ ರೂಪವಿಲ್ಲದಿದ್ದರೆ ಬ್ರೌಸರ್ ತಾನೇ ಅಕ್ಷರವನ್ನು ಉಬ್ಬಿಸುತ್ತದೆ. ಆಗ ದುಂಡು ಅಕ್ಷರಗಳ ಒಳಖಾಲಿಗಳು ಮುಚ್ಚಿಹೋಗುತ್ತವೆ. 'ಫಾಂಟ್-ಸಿಂಥೆಸಿಸ್' ಗುಣಕ್ಕೆ 'ನನ್' ಎಂದು ಬರೆದು ಇದನ್ನು ತಡೆಯಬಹುದು. ಕೊಂಡಿಗಳ ಅಡಿಗೆರೆ ಒತ್ತಕ್ಷರಕ್ಕೆ ತಗಲದಂತೆ 'ಟೆಕ್ಸ್ಟ್-ಅಂಡರ್‌ಲೈನ್-ಆಫ್‌ಸೆಟ್' ಮೂಲಕ ಕೆಳಗಿಳಿಸುವುದು ವಾಡಿಕೆ.

ವಿಭಕ್ತಿ ಪ್ರತ್ಯಯಗಳು ಸೇರಿ ಕನ್ನಡ ಪದಗಳು ಉದ್ದವಾಗುವುದರಿಂದ ಅಂಗಗಳ ಅಗಲವನ್ನೂ ಬಿಗಿಯಬಾರದು. ಪಟ್ಟಿಗಳಲ್ಲಿ ೧, ೨, ೩ ಅಂಕಿಗಳು ಬೇಕಿದ್ದರೆ 'ಲಿಸ್ಟ್-ಸ್ಟೈಲ್-ಟೈಪ್' ಗುಣಕ್ಕೆ 'ಕನ್ನಡ' ಎಂಬ ಸಿದ್ಧ ಬೆಲೆಯಿದೆ.

ಜಾಲಫಾಂಟುಗಳು

ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅಕಾಯ ಕನಡಕ, ಹುಬ್ಬಳ್ಳಿ ಮುಂತಾದವು ಮುಕ್ತ ಪರವಾನಗಿಯಲ್ಲಿ ಸಿಗುವ ಕನ್ನಡ ಫಾಂಟುಗಳು. 'ಯೂನಿಕೋಡ್-ರೇಂಜ್' ಸೂಚನೆಯಲ್ಲಿ ಕನ್ನಡದ ವ್ಯಾಪ್ತಿಯನ್ನು ನಮೂದಿಸಿದರೆ ಪುಟದಲ್ಲಿ ಕನ್ನಡ ಅಕ್ಷರಗಳಿದ್ದಾಗ ಮಾತ್ರ ಬ್ರೌಸರ್ ಆ ಫಾಂಟನ್ನು ಇಳಿಸಿಕೊಳ್ಳುತ್ತದೆ. 'ಫಾಂಟ್-ಡಿಸ್‌ಪ್ಲೇ' ಗುಣಕ್ಕೆ 'ಸ್ವಾಪ್' ಎಂದಿದ್ದರೆ, ನಿಧಾನಗತಿಯ ಸಂಪರ್ಕದಲ್ಲಿಯೂ ಫಾಂಟ್ ಬರುವವರೆಗೆ ಮೊಬೈಲಿನ ಸ್ವಂತ ಫಾಂಟಿನಲ್ಲಿ ಪಠ್ಯ ಕಾಣಿಸುತ್ತದೆ.