ಬಹುಚರ ಸಂಖ್ಯಾಶಾಸ್ತ್ರದ ಬೋಧನೆ

ಒಂದೇ ವ್ಯಕ್ತಿಯಲ್ಲಿ ಅಥವಾ ವಸ್ತುವಿನಲ್ಲಿ ಅಳೆದ ಅನೇಕ ಪರಿಮಾಣಗಳನ್ನು, ಅವುಗಳ ಪರಸ್ಪರ ಸಂಬಂಧವನ್ನು ಕಡಿಯದೆ, ಒಟ್ಟಾಗಿ ವಿವೇಚಿಸುವ ಶಾಸ್ತ್ರವೇ ಬಹುಚರ ಸಂಖ್ಯಾಶಾಸ್ತ್ರ. ಇದರ ಮೂಲದಲ್ಲಿದ್ದುದು ಸೂತ್ರವಲ್ಲ, ಚಿತ್ರ: 1901ರಲ್ಲಿ ಕಾರ್ಲ್ ಪಿಯರ್ಸನ್ನರು ಬಿಂದುಸಮೂಹವೊಂದಕ್ಕೆ ಅತಿ ಸಮೀಪವಾಗಿ ಹಾಯುವ ರೇಖೆಯನ್ನೂ ಸಮತಲವನ್ನೂ ಅರಸಿದರು, 1933ರಲ್ಲಿ ಹೆರಾಲ್ಡ್ ಹೊಟೆಲಿಂಗರು ಪ್ರಧಾನ ಘಟಕಗಳೆಂಬ ಹೆಸರಿನಿಂದ ಆ ವಿಚಾರವನ್ನು ಬೆಳೆಯಿಸಿದರು.

ಬೋಧಕನಿಗೆ ಇಂದಿಗೂ ಅತ್ಯಂತ ಉಪಕಾರಿಯಾದ ಚಿತ್ರವು ಮೂಡಿದುದು ಕಲ್ಕತ್ತೆಯಲ್ಲಿ. ಮಾನವದೇಹಮಾಪನದ ಸಮಸ್ಯೆಗಳಿಂದ ಹೊರಟ ಪ್ರಶಾಂತಚಂದ್ರ ಮಹಾಲನೋಬಿಸರು 1936ರಲ್ಲಿ ಸಾಮಾನ್ಯೀಕೃತ ದೂರದ ಕಲ್ಪನೆಯನ್ನು ನಿರೂಪಿಸಿದರು. ಎತ್ತರವಾದವರ ತೋಳುಗಳೂ ಪ್ರಾಯಶಃ ಉದ್ದವಾಗಿರುವುದರಿಂದ, ಈ ಎರಡು ಅಳತೆಗಳನ್ನು ಕಾಗದದ ಮೇಲೆ ಗುರುತಿಸಿದಾಗ ಬಿಂದುಗಳು ಓರೆಯಾಗಿ ಮಲಗಿದ ದೀರ್ಘವೃತ್ತದೊಳಗೆ ನೆರೆಯುತ್ತವೆ; ತುಸು ಎತ್ತರದವನಾಗಿದ್ದೂ ತುಸು ಗಿಡ್ಡವಾದ ತೋಳುಳ್ಳವನು, ಬಿಡಿಬಿಡಿಯಾಗಿ ನೋಡಿದರೆ ಯಾವ ವಿಶೇಷವೂ ಇಲ್ಲದವನಾದರೂ, ಆ ಆಕೃತಿಯ ಕಿರಿದಾದ ಮಗ್ಗುಲಿನಿಂದ ಹೊರಬೀಳುವನಾಗಿ, ಅಳತೆಗೋಲಿಗೆ ಹತ್ತಿರವೆಂದು ತೋರುವ ಅವನನ್ನು ಮಹಾಲನೋಬಿಸರ ಮಾನವು ದೂರದವನೆಂದು ಸರಿಯಾಗಿ ಗುರುತಿಸುತ್ತದೆ. ಇದನ್ನೊಮ್ಮೆ ಕಣ್ಣಾರೆ ಕಂಡ ವಿದ್ಯಾರ್ಥಿಯು, ಆ ದೂರದ ಸೂತ್ರದೊಳಕ್ಕೆ, ಅಳತೆಗಳ ಪರಸ್ಪರ ಸಂಬಂಧವನ್ನು ಹೇಳುವ ಮಾತೃಕೆಯ ವಿಲೋಮವು ಏಕೆ ಬಂದಿತೆಂದು ಮತ್ತೊಬ್ಬರನ್ನು ಕೇಳಬೇಕಾಗಿಲ್ಲ. ಹೂವಿನ ಹಡಗಲಿಯಲ್ಲಿ ಜನಿಸಿ, ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ 1941ರಲ್ಲಿ ತೊಡಗಿದ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ತರಗತಿಯ ಮೊದಲ ತಂಡದಲ್ಲಿ ಓದಿದ ಸಿ. ಆರ್. ರಾವ್ ಅವರು, ಮುಂದೆ ಕೇಂಬ್ರಿಜ್ಜಿನಲ್ಲಿ ಸೂಡಾನಿನ ಜೆಬೆಲ್ ಮೊಯಾದ ಪ್ರಾಚೀನ ಅಸ್ಥಿಗಳ ಅಧ್ಯಯನದಲ್ಲಿ ಇಂಥ ವಿಧಾನಗಳನ್ನೇ ಪ್ರಯೋಗಿಸಿದರು. ಅಳತೆ ಮಾಡಿದ ಕೈಯೇ ಸಿದ್ಧಾಂತವನ್ನು ಬರೆದುದು ಈ ವಿಧಾನಗಳನ್ನು ಕುರಿತು ಅವರು 1952ರಲ್ಲಿ ಪ್ರಕಟಿಸಿದ ಗ್ರಂಥದ ಹಿರಿಮೆ.

1958ರಲ್ಲಿ ಪ್ರಕಟವಾದ ಟಿ. ಡಬ್ಲ್ಯೂ. ಆಂಡರ್ಸನ್ನರ ಪಠ್ಯವು ಗಣಿತದ ದೃಷ್ಟಿಯಿಂದ ಅಪೂರ್ವವಾದುದು. ಆದರೆ ಅಂಥ ಗ್ರಂಥವನ್ನು ದತ್ತಾಂಶದ ಸಹವಾಸವಿಲ್ಲದೆ ಬೋಧಿಸಿದೆಡೆಯಲ್ಲೆಲ್ಲ ಮಾತೃಕೆಗಳ ಗಣನೆ ಉಳಿದು ಅರ್ಥ ಜಾರಿಹೋಗುವ ಅಪಾಯವಿದ್ದಿತು. ಚಿತ್ರವಿಲ್ಲದ ಗಣನೆ ಹೇಗೆ ದಾರಿ ತಪ್ಪಿಸುತ್ತದೆಂಬುದನ್ನು ತೋರಿಸಲು 1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೂಂಬರು ಹನ್ನೊಂದು ಹನ್ನೊಂದು ಬಿಂದುಗಳ ನಾಲ್ಕು ದತ್ತಸಮೂಹಗಳನ್ನು ಮುಂದಿಟ್ಟರು: ಸರಾಸರಿಯೂ ಸಹಸಂಬಂಧವೂ ನಾಲ್ಕರಲ್ಲಿಯೂ ಬಹುತೇಕ ಒಂದೇ, ಚಿತ್ರಿಸಿದರೆ ನಾಲ್ಕೂ ಬೇರೆ ಬೇರೆ. ಸರಿಸುಮಾರು ಅದೇ ಕಾಲದಲ್ಲಿ ಜಾನ್ ಟ್ಯೂಕಿ ಮತ್ತು ಸಂಗಡಿಗರು, ಒಂಬತ್ತು ಆಯಾಮಗಳವರೆಗಿನ ದತ್ತಾಂಶವನ್ನು ಗಣಕಯಂತ್ರದ ತೆರೆಯ ಮೇಲೆ ತಿರುಗಿಸಿ ನೋಡುವ ಪ್ರಿಮ್-9 ವ್ಯವಸ್ಥೆಯನ್ನು ರಚಿಸಿದರು.

ಅಮೆರಿಕದ ಸಂಖ್ಯಾಶಾಸ್ತ್ರ ಸಂಘವು ಅಂಗೀಕರಿಸಿದ 2016ರ ಬೋಧನಾಸೂತ್ರಗಳು, ಬಹುಚರ ಚಿಂತನೆಯನ್ನು ಮೊದಲ ಪಾಠಕ್ರಮದಲ್ಲಿಯೇ ಅಭ್ಯಾಸ ಮಾಡಿಸಬೇಕೆಂದು ಸಲಹೆ ಮಾಡಿದವು. ಅದಕ್ಕೆ ತಕ್ಕ ಉದಾಹರಣೆ ಬಹುಕಾಲದಿಂದ ಸಿದ್ಧವಾಗಿಯೇ ಇದ್ದಿತು: 1973ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಪ್ರವೇಶದಲ್ಲಿ ಅರ್ಜಿ ಸಲ್ಲಿಸಿದ ಪುರುಷರಲ್ಲಿ ಸುಮಾರು ಶೇಕಡ 44 ಮಂದಿಯೂ ಸ್ತ್ರೀಯರಲ್ಲಿ ಶೇಕಡ 35 ಮಂದಿಯೂ ಆಯ್ಕೆಯಾಗಿದ್ದರು; ಆದರೆ ವಿಭಾಗವೆಂಬ ಮೂರನೆಯ ಚರವನ್ನು ಸೇರಿಸಿ ನೋಡಿದಾಗ, ಸ್ತ್ರೀಯರು ಹೆಚ್ಚಾಗಿ ಅರ್ಜಿ ಹಾಕಿದುದು ಎಲ್ಲರಿಗೂ ಪ್ರವೇಶ ದುರ್ಲಭವಾದ ವಿಭಾಗಗಳಿಗೆಂಬುದು ಗೋಚರವಾಯಿತು.