ಟೆನಿಸ್ ಗುರು ಡ್ಯಾನ್ ಮ್ಯಾಸ್ಕೆಲ್

ಆಡಿ ಗೆದ್ದವನ ಹೆಸರು ಊರಿಗೆಲ್ಲ ತಿಳಿಯುತ್ತದೆ. ಅವನಿಗೆ ಆಟ ಕಲಿಸಿದವನ ಹೆಸರನ್ನು ಕೇಳುವವರು ಕಡಮೆ. ನಮ್ಮ ಸಂಗೀತದಲ್ಲಿ ಹಾಗಿಲ್ಲ. ವಿದ್ವಾಂಸರೊಬ್ಬರು ವೇದಿಕೆಗೆ ಬಂದರೆ, ಇವರು ಯಾರ ಶಿಷ್ಯರು ಎಂಬ ಪ್ರಶ್ನೆ ಮೊದಲೇ ಹುಟ್ಟುತ್ತದೆ. ಆಟದ ಬಯಲಿನಲ್ಲಿ ಮಾತ್ರ ಗುರುವಾದವನು ಬಹುಕಾಲ ಬೇಲಿಯ ಆಚೆಗೇ ಉಳಿದ. ಟೆನಿಸ್ಸಿನಲ್ಲಂತೂ ಆ ಬೇಲಿಯನ್ನು ನಿಯಮದ ಪುಸ್ತಕದಲ್ಲೇ ಬರೆದಿಟ್ಟಿದ್ದರು. ಆ ಬೇಲಿಯ ಹೊರಗೆ ನಿಂತುಕೊಂಡೇ ತನ್ನ ದೇಶದ ಗೆಲುವಿಗೆ ನೆರವಾದ ಒಬ್ಬ ವೃತ್ತಿಗಾರನ ಕಥೆಯನ್ನು ಇಲ್ಲಿ ನೆನೆಯಬಹುದು.

ಡ್ಯಾನ್ ಮ್ಯಾಸ್ಕೆಲ್ ಹುಟ್ಟಿದ್ದು 1908ರಲ್ಲಿ, ಲಂಡನ್ನಿನ ಫುಲಂ ಎಂಬ ಬಡಾವಣೆಯಲ್ಲಿ. ಮನೆಯವರು ದುಡಿದು ಉಣ್ಣುವ ಜನ. ಮನೆಗೆ ಸಮೀಪದಲ್ಲೇ ಕ್ವೀನ್ಸ್ ಕ್ಲಬ್ಬು ಎಂಬ ಹೆಸರಾಂತ ಕ್ರೀಡಾಸಂಸ್ಥೆ ಇತ್ತು. ಸಿರಿವಂತರು ಅಲ್ಲಿಗೆ ಬಿಳಿಯ ಉಡುಪು ತೊಟ್ಟು ಆಡಲು ಬರುತ್ತಿದ್ದರು. ಫುಲಮ್ಮಿನ ಹುಡುಗರು ಚೆಂಡು ಹೆಕ್ಕಿಕೊಡಲು ಹೋಗುತ್ತಿದ್ದರು. 1923ರಲ್ಲಿ, ಹದಿನೈದನೆಯ ವಯಸ್ಸಿಗೆ, ಮ್ಯಾಸ್ಕೆಲ್ ಆ ಕೆಲಸಕ್ಕೆ ಪೂರ್ತಿಯಾಗಿ ಸೇರಿದ. ಚೆಂಡು ಹೆಕ್ಕುವ ಹುಡುಗನಿಗೆ ಒಂದು ಲಾಭವುಂಟು: ಒಳ್ಳೆಯ ಆಟವನ್ನು ದಿನವೆಲ್ಲ ಹತ್ತಿರದಿಂದ ನೋಡಬಹುದು. ಬಿಡುವಿನ ವೇಳೆಯಲ್ಲಿ ತಾನೂ ರಾಕೆಟ್ಟು ಹಿಡಿದು ಕಲಿತ ಈ ಹುಡುಗ ಕೆಲವೇ ವರ್ಷಗಳಲ್ಲಿ ಕ್ಲಬ್ಬಿನ ಸದಸ್ಯರಿಗೆ ಆಟ ಹೇಳಿಕೊಡುವ ವೃತ್ತಿಗಾರನಾದ.

ಆದರೆ ಹಾಗೆ ವೃತ್ತಿಗಾರನಾದ ಕೂಡಲೇ ದೊಡ್ಡ ಪಂದ್ಯಗಳ ಬಾಗಿಲು ಅವನಿಗೆ ಮುಚ್ಚಿತು. ಆ ಕಾಲದ ನಿಯಮದಂತೆ ವಿಂಬಲ್ಡನ್ ಪಂದ್ಯಾವಳಿಯಲ್ಲೂ ಡೇವಿಸ್ ಕಪ್ಪಿನಲ್ಲೂ ಆಡಲು ಹವ್ಯಾಸಿಗಳಿಗೆ ಮಾತ್ರ ಅಧಿಕಾರ. ಹಣ ಪಡೆದು ಆಡಿದವನು, ಅಷ್ಟೇಕೆ, ಹಣ ಪಡೆದು ಕಲಿಸಿದವನು ಕೂಡ ವೃತ್ತಿಗಾರನೆಂದು ಹೊರಗುಳಿಯಬೇಕು. ಹಣದ ಆಸೆಯಿಂದ ಆಟ ಕೆಡಬಾರದೆಂಬುದು ಅದಕ್ಕೆ ಕೊಡುತ್ತಿದ್ದ ಕಾರಣ. ಕೇಳಲು ಹಿತವಾದ ಮಾತೇ ಸರಿ. ಆದರೆ ತಿಂಗಳುಗಟ್ಟಲೆ ಸಂಬಳವಿಲ್ಲದೆ ಆಡುತ್ತಿರಲು ಮನೆಯಲ್ಲಿ ಆಸ್ತಿ ಇರಬೇಕಷ್ಟೆ? ಇಂಗ್ಲೆಂಡಿನ ಕ್ರಿಕೆಟ್ಟಿನಲ್ಲೂ ಹವ್ಯಾಸಿಗಳನ್ನು 'ಜಂಟಲ್‌ಮೆನ್' ಎಂದೂ ಕೂಲಿಗೆ ಆಡುವವರನ್ನು 'ಪ್ಲೇಯರ್ಸ್' ಎಂದೂ ಬೇರೆ ಬೇರೆಯಾಗಿ ಎಣಿಸುತ್ತಿದ್ದುದನ್ನು ಕ್ರಿಕೆಟ್ ಪ್ರಿಯರು ಬಲ್ಲರು. ಅಲ್ಲಿ ಆ ಭೇದ ಅಳಿದದ್ದು 1962ರಲ್ಲಿ. ಟೆನಿಸ್ಸಿನಲ್ಲಿ ಇನ್ನೂ ಕೆಲವು ವರ್ಷ ತಡವಾಯಿತು.

1929ರಲ್ಲಿ ವಿಂಬಲ್ಡನ್ ಪಂದ್ಯಗಳ ಒಡೆತನವುಳ್ಳ ಆಲ್ ಇಂಗ್ಲೆಂಡ್ ಕ್ಲಬ್ಬು ಮ್ಯಾಸ್ಕೆಲ್‌ನನ್ನು ತನ್ನ ಮೊದಲ ಪೂರ್ಣಕಾಲದ ಶಿಕ್ಷಕನನ್ನಾಗಿ ನೇಮಿಸಿಕೊಂಡಿತು. ಆಗ ಅವನಿಗೆ ಇಪ್ಪತ್ತೊಂದು ವರ್ಷ. ವೃತ್ತಿಗಾರರೊಳಗೆ ನಡೆಯುವ ಬ್ರಿಟಿಷ್ ಚಾಂಪಿಯನ್‌ಷಿಪ್ಪನ್ನು ಈತ ಒಟ್ಟು 16 ಸಲ ಗೆದ್ದ. ಇಂಥವನು ವಿಂಬಲ್ಡನ್ನಿನ ಹುಲ್ಲಿನ ಅಂಕಣಗಳಲ್ಲಿ ಚಾಂಪಿಯನ್ನರೊಡನೆ ಅಭ್ಯಾಸ ಆಡಬಹುದಾಗಿತ್ತು. ಪಂದ್ಯಾವಳಿ ಆರಂಭವಾದ ದಿನ ಪ್ರೇಕ್ಷಕರ ನಡುವೆ ಹೋಗಿ ಕೂರಬೇಕಾಗಿತ್ತು.

ಬ್ರಿಟನ್ನಿನ ಟೆನಿಸ್ಸಿಗೆ ಅದು ಬರಗಾಲ. ಡೇವಿಸ್ ಕಪ್ಪು ಕೊನೆಯ ಸಲ ಅವರ ಕೈಗೆ ಬಂದದ್ದು 1912ರಲ್ಲಿ. 1927ರಿಂದ ಅದು ಫ್ರಾನ್ಸಿನಲ್ಲಿ ನೆಲೆಯೂರಿತ್ತು. 1933ರಲ್ಲಿ ಬ್ರಿಟಿಷ್ ತಂಡದ ತರಬೇತಿಗೆ ಮ್ಯಾಸ್ಕೆಲ್‌ನನ್ನು ಕರೆದರು. ತಂಡದಲ್ಲಿ ಫ್ರೆಡ್ ಪೆರಿ, ಬನ್ನಿ ಆಸ್ಟಿನ್ ಮೊದಲಾದವರಿದ್ದರು. ರೋಪರ್ ಬ್ಯಾರೆಟ್ ನಾಯಕ. ಅವರೇನೂ ಆಟ ಅರಿಯದ ಮಕ್ಕಳಲ್ಲ. ಅಂಥವರಿಗೆ ತರಬೇತುಗಾರ ಮಾಡುವುದೇನು ಎಂದು ಕೇಳಬಹುದು. ಆಟಗಾರ ಬಯಸಿದ ಜಾಗಕ್ಕೆ, ಬಯಸಿದ ವೇಗದಲ್ಲಿ, ಬೇಸರವಿಲ್ಲದೆ ಚೆಂಡನ್ನು ಮತ್ತೆ ಮತ್ತೆ ಹಿಂತಿರುಗಿಸಬೇಕು. ಕಾಲು ಎಲ್ಲಿ ತಡವಾಯಿತು, ಭುಜ ಎಲ್ಲಿ ಬಿಗಿಯಿತು ಎಂಬುದನ್ನು ಕಣ್ಣಿಟ್ಟು ನೋಡಬೇಕು. ಕಂಡದ್ದರಲ್ಲಿ ಯಾವುದನ್ನು ಹೇಳಬೇಕು, ಯಾವುದನ್ನು ನುಂಗಿಕೊಳ್ಳಬೇಕು ಎಂಬ ವಿವೇಕವಿರಬೇಕು. ಮೇಲಾಗಿ, ಉತ್ತಮ ಆಟಗಾರನಿಗೆ ಬೆವರು ಬರಿಸುವಷ್ಟು ಆಟ ತನ್ನ ಕೈಯಲ್ಲೂ ಇರಬೇಕು.

ಅಂತಿಮ ಪಂದ್ಯ 1933ರ ಜುಲೈ ಕೊನೆಯಲ್ಲಿ ಪ್ಯಾರಿಸ್ಸಿನ ರೋಲಾಂ ಗ್ಯಾರೋ ಅಂಗಳದಲ್ಲಿ ನಡೆಯಿತು. ಮೊದಲ ದಿನ ಆಸ್ಟಿನ್ ಗೆದ್ದ. ಪೆರಿ ಐದು ಸೆಟ್ಟುಗಳ ಹೋರಾಟದಲ್ಲಿ ಆಂರಿ ಕೋಷೆಯನ್ನು ಸೋಲಿಸಿದ. ಮರುದಿನ ಜೋಡಿಯಾಟವನ್ನು ಫ್ರೆಂಚರು ಗೆದ್ದರು. ಮೂರನೆಯ ದಿನ ಕೋಷೆ ಆಸ್ಟಿನ್ನನನ್ನು ಮಣಿಸಿದಾಗ ಎರಡೂ ಕಡೆ ಸಮ. ಉಳಿದದ್ದು ಒಂದೇ ಆಟ: ಪೆರಿ ಮತ್ತು ಎಳೆಯ ಆಟಗಾರ ಆಂದ್ರೆ ಮೆರ್ಲೆ. ಮೊದಲ ಸೆಟ್ಟನ್ನು ಪೆರಿ ಕಳೆದುಕೊಂಡ. ಎರಡನೆಯದನ್ನು 8-6ರಿಂದ ಹೇಗೋ ದಕ್ಕಿಸಿಕೊಂಡ. ಅಲ್ಲಿಂದ ಮುಂದೆ ಹಿಡಿತ ಬಿಡಲಿಲ್ಲ. ಇಪ್ಪತ್ತೊಂದು ವರ್ಷಗಳ ಮೇಲೆ ಕಪ್ಪು ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿ ಲಂಡನ್ನಿಗೆ ಬಂತು. 1936ರವರೆಗೂ ಅಲ್ಲೇ ಉಳಿಯಿತು.

ಈ ಪೆರಿಯೂ ದೊಡ್ಡಮನೆಯ ಮಗನಲ್ಲ. ತಂದೆ ಹತ್ತಿಯ ಗಿರಣಿಯಲ್ಲಿ ನೂಲು ತೆಗೆದು ಮೇಲೆ ಬಂದು, ಪಾರ್ಲಿಮೆಂಟಿನ ಸದಸ್ಯನಾದವನು. 1934, 1935, 1936 ಹೀಗೆ ಮೂರು ವರ್ಷ ಸತತವಾಗಿ ಪೆರಿ ವಿಂಬಲ್ಡನ್ ಗೆದ್ದ. ಅದೇ 1936ರ ಕೊನೆಯಲ್ಲಿ ಜೀವನೋಪಾಯಕ್ಕಾಗಿ ವೃತ್ತಿಗಾರನಾದ. ಕೂಡಲೇ ಕ್ಲಬ್ಬು ಅವನ ಗೌರವ ಸದಸ್ಯತ್ವವನ್ನು ಹಿಂದಕ್ಕೆ ಪಡೆಯಿತು. ಹೀಗೆ ಗೆದ್ದವನೂ ಕಲಿಸಿದವನೂ ಕೊನೆಗೆ ಬೇಲಿಯ ಒಂದೇ ಕಡೆಗೆ ಬಂದು ನಿಂತರು.

ಎರಡನೆಯ ಮಹಾಯುದ್ಧ ಬಂದಾಗ ಮ್ಯಾಸ್ಕೆಲ್ ವಾಯುಪಡೆಗೆ ಸೇರಿದ. ಗಾಯಗೊಂಡ ವೈಮಾನಿಕರಿಗೆ ವ್ಯಾಯಾಮ ಮತ್ತು ಆಟಗಳ ಮೂಲಕ ಮತ್ತೆ ಮೈಯಲ್ಲಿ ಕಸುವು ತುಂಬುವ ಕೆಲಸ ಅವನ ಪಾಲಿಗೆ ಬಂತು. ಮುರಿದ ಕಾಲನ್ನು ಮತ್ತೆ ಊರಲು ಅಂಜುವವನಿಗೆ ಧೈರ್ಯ ಕಲಿಸುವುದು ಸಾಮಾನ್ಯ ಶಿಕ್ಷಣವಲ್ಲ. ಈ ಸೇವೆಗಾಗಿ 1945ರಲ್ಲಿ ಸರ್ಕಾರ ಅವನಿಗೆ ಓ.ಬಿ.ಇ. ಗೌರವವನ್ನಿತ್ತಿತು. ಮುಂದೆ 1955ರಲ್ಲಿ ಆತ ಬ್ರಿಟನ್ನಿನ ಟೆನಿಸ್ ಸಂಘದ ತರಬೇತಿ ವ್ಯವಸ್ಥೆಯ ಹೊಣೆ ಹೊತ್ತ.

ರೇಡಿಯೋ ಕೇಳುವ ನಮಗೆ ವಿಶೇಷವಾಗಿ ರುಚಿಸುವ ಭಾಗ ಇನ್ನೊಂದಿದೆ. 1949ರಲ್ಲಿ ಮ್ಯಾಸ್ಕೆಲ್ ಬಿ.ಬಿ.ಸಿ. ಬಾನುಲಿಯಲ್ಲಿ ವಿಂಬಲ್ಡನ್ ಆಟದ ಬಗ್ಗೆ ಮಾತನಾಡತೊಡಗಿದ. 1951ರಿಂದ ದೂರದರ್ಶನಕ್ಕೆ ಬಂದು 1991ರವರೆಗೂ ಅಲ್ಲಿ ನಿಂತ. ಅವನ ಹಿರಿಮೆ ಮಿತವಾದ ಮಾತು. ಆಟ ಕಣ್ಣ ಮುಂದೆಯೇ ನಡೆಯುತ್ತಿರುವಾಗ ವೀಕ್ಷಕವಿವರಣೆಗಾರ ಸುಮ್ಮನಿರಲು ಕಲಿಯಬೇಕೆಂಬುದನ್ನು ಅವನು ಚೆನ್ನಾಗಿ ಅರಿತಿದ್ದ. ಅಂಕಣದಲ್ಲಿ ಶಿಷ್ಯನ ಮುಂದೆ ರೂಢಿಸಿಕೊಂಡ ಸಂಯಮವೇ ಇಲ್ಲಿಯೂ ಕೆಲಸಕ್ಕೆ ಬಂದಿರಬೇಕು.

ಬೇಲಿಯನ್ನು ಕೀಳುವುದರಲ್ಲಿ ಪ್ರಸಾರ ಸಂಸ್ಥೆಯ ಕೈಯೂ ಇತ್ತು. 1967ರ ಆಗಸ್ಟಿನಲ್ಲಿ ಬಿ.ಬಿ.ಸಿ.ಯ ನೆರವಿನಿಂದ ವಿಂಬಲ್ಡನ್ನಿನ ಸೆಂಟರ್ ಕೋರ್ಟಿನಲ್ಲೇ ವೃತ್ತಿಗಾರರ ಪಂದ್ಯ ನಡೆಯಿತು. ರಾಡ್ ಲೇವರ್ ಗೆದ್ದ. ಜನ ತುಂಬಿ ಬಂದರು. ಮರುವರ್ಷ, 1968ರಲ್ಲಿ, ವಿಂಬಲ್ಡನ್ ಎಲ್ಲರಿಗೂ ತೆರೆಯಿತು. ಆ ವೇಳೆಗೆ ಮ್ಯಾಸ್ಕೆಲ್‌ನಿಗೆ ಅರವತ್ತು ವರ್ಷ. ಐವತ್ತರ ದಶಕದಲ್ಲೇ ಕ್ಲಬ್ಬು ಅವನನ್ನು ಗೌರವ ಸದಸ್ಯನನ್ನಾಗಿ ಮಾಡಿಕೊಂಡಿತ್ತು; ಆದರೆ ಪಂದ್ಯಾವಳಿಯಲ್ಲಿ ಆಡುವ ವಯಸ್ಸು ಎಂದೋ ಕಳೆದಿತ್ತು. 1992ರಲ್ಲಿ ಆತ ತೀರಿಕೊಂಡ.

ಪೆರಿಯ ಬಳಿಕ ಬ್ರಿಟನ್ನಿನ ಗಂಡಸೊಬ್ಬ ವಿಂಬಲ್ಡನ್ ಸಿಂಗಲ್ಸ್ ಗೆಲ್ಲಲು 77 ವರ್ಷ ಬೇಕಾಯಿತು. 2013ರಲ್ಲಿ ಗೆದ್ದ ಆಂಡಿ ಮರ್ರಿಗೆ ತರಬೇತಿ ಕೊಟ್ಟವನು ಐವಾನ್ ಲೆಂಡ್ಲ್. ಎಂಟು ಮಹಾಪಂದ್ಯಾವಳಿಗಳನ್ನು ಗೆದ್ದ ಈ ವೃತ್ತಿಗಾರ 1986ರಲ್ಲೂ 1987ರಲ್ಲೂ ವಿಂಬಲ್ಡನ್ನಿನ ಅಂತಿಮ ಪಂದ್ಯದವರೆಗೆ ಬಂದು ಸೋತಿದ್ದ; ಆ ಕಪ್ಪು ಅವನಿಗೆ ಕೊನೆಗೂ ದಕ್ಕಲಿಲ್ಲ. ಲೆಂಡ್ಲ್ ಆಡಿ ಸೋತ. ಮ್ಯಾಸ್ಕೆಲ್‌ನಿಗೆ ಆಡುವ ಅವಕಾಶವೇ ಇರಲಿಲ್ಲ. ಇಬ್ಬರೂ ತಮಗೆ ಸಿಗದ್ದನ್ನು ಇನ್ನೊಬ್ಬನ ಕೈಗೆ ದಾಟಿಸಿದರು. ಸೋಲು ಆಟದ ಧರ್ಮ. ಅದರ ಬಗ್ಗೆ ಯಾರೂ ದೂರಬೇಕಾಗಿಲ್ಲ. ಆದರೆ ಕಲಿಸಿ ಉಣ್ಣುವವನೆಂಬ ಒಂದೇ ಕಾರಣಕ್ಕೆ ಒಬ್ಬನನ್ನು ಅಂಗಳದ ಹೊರಗಿಟ್ಟದ್ದು ಮನುಷ್ಯರು ಮಾಡಿದ ಏರ್ಪಾಡು. ಮನುಷ್ಯರೇ ಅದನ್ನು ತೆಗೆದುಹಾಕಿದರು, ತಡವಾಗಿಯಾದರೂ.