ಗೋಧಿ ಕಾಳಿನ ಗಾತ್ರ: ಆನುವಂಶಿಕ ನಿಯಂತ್ರಣ

ಗೋಧಿ ಕಾಳಿನ ಉದ್ದ, ಅಗಲ, ತೂಕಗಳನ್ನು ಹಲವು ವಂಶವಾಹಿಗಳು ಕೂಡಿ ನಿರ್ಧರಿಸುತ್ತವೆ. ತಳಿ ವಿಜ್ಞಾನಿಗಳು ಬಳಸುವ ಅಳತೆ ಸಾವಿರ ಕಾಳುಗಳ ತೂಕ; ಬ್ರೆಡ್ ಗೋಧಿಯಲ್ಲಿ ಅದು ಸಾಮಾನ್ಯವಾಗಿ 30ರಿಂದ 50 ಗ್ರಾಂ. ಕಾಳಿಗೆ ಪಿಷ್ಟ ತುಂಬುವುದು ಹೂ ಬಿಟ್ಟ ಮೇಲೆ. ಆದರೆ ಕಾಳು ಎಷ್ಟು ದೊಡ್ಡದಾಗಬಲ್ಲದು ಎಂಬುದನ್ನು ಬಹುಮಟ್ಟಿಗೆ ಅದಕ್ಕೂ ಮೊದಲಿನ ಅಂಡಾಶಯದ ಗಾತ್ರವೇ ತೀರ್ಮಾನಿಸಿರುತ್ತದೆ.

ಬ್ರೆಡ್ ಗೋಧಿಯಲ್ಲಿ ಎ, ಬಿ, ಡಿ ಎಂಬ ಮೂರು ಜೀನೋಮ್‌ಗಳೂ 42 ವರ್ಣತಂತುಗಳೂ ಇವೆ. (ಉತ್ತರ ಕರ್ನಾಟಕದ ಸದಕ ಗೋಧಿಯಲ್ಲಿ ಎ, ಬಿ ಮಾತ್ರ; ವರ್ಣತಂತುಗಳು 28.) ಹೀಗಾಗಿ ಬ್ರೆಡ್ ಗೋಧಿಯ ಬಹುತೇಕ ವಂಶವಾಹಿಗಳಿಗೆ ಮೂರು ಪ್ರತಿಗಳಿದ್ದು, ಒಂದು ಕೆಟ್ಟರೂ ಉಳಿದೆರಡು ಕೆಲಸ ನಡೆಸುತ್ತವೆ. ಕಾಳಿನ ಗಾತ್ರವನ್ನು ಬದಲಿಸುವ ಎಷ್ಟೋ ವ್ಯತ್ಯಾಸಗಳು ಹೊಲದಲ್ಲಿ ಕಣ್ಣಿಗೆ ಬೀಳದೆ ಉಳಿದದ್ದು ಇದರಿಂದಲೇ. ಭತ್ತದಲ್ಲಿ 2007ರಲ್ಲಿ ಪತ್ತೆಯಾದ ಜಿಡಬ್ಲ್ಯೂ2 ವಂಶವಾಹಿ ಇದನ್ನು ಚೆನ್ನಾಗಿ ತೋರಿಸುತ್ತದೆ. ಅದು ರೂಪಿಸುವ ಕಿಣ್ವ ಬೇರೆ ಪ್ರೋಟೀನ್‌ಗಳಿಗೆ ಯುಬಿಕ್ವಿಟಿನ್ ಎಂಬ ಗುರುತು ಅಂಟಿಸಿ ವಿಘಟನೆಗೆ ಕಳಿಸುತ್ತದೆ. ಕಾಳಿನ ಬೆಳವಣಿಗೆಗೆ ಇದೊಂದು ಕಡಿವಾಣ. ಗೋಧಿಯಲ್ಲಿ ಈ ವಂಶವಾಹಿಯ, 6ಎ ವರ್ಣತಂತುವಿನ ಮೇಲಿರುವ ಒಂದು ಪ್ರತಿಯನ್ನಷ್ಟೇ ನಿಷ್ಕ್ರಿಯಗೊಳಿಸಿದಾಗ ಹೂ ಬಿಡುವ ಹೊತ್ತಿಗೇ ಅಂಡಾಶಯ ಹಿರಿದಾಗಿ, ಕಾಳಿನ ತೂಕ ಶೇ. 6ಕ್ಕೂ ಹೆಚ್ಚು ಏರಿದ್ದು 2016ರಲ್ಲಿ ವರದಿಯಾಯಿತು. ಎರಡು, ಮೂರು ಪ್ರತಿಗಳನ್ನು ತೆಗೆದಂತೆ ಏರಿಕೆಯೂ ಹೆಚ್ಚುತ್ತದೆ.

ಗಾತ್ರ ಮತ್ತು ಆಕಾರ ಬಹುಮಟ್ಟಿಗೆ ಬೇರೆ ಬೇರೆ ವಂಶವಾಹಿಗಳ ಹಿಡಿತದಲ್ಲಿವೆ. ಪಂಜಾಬ್, ಸಿಂಧ್ ಭಾಗಗಳಲ್ಲಿ 20ನೇ ಶತಮಾನದ ಆರಂಭದವರೆಗೂ ಬೆಳೆಯುತ್ತಿದ್ದ, ಸಸ್ಯವಿಜ್ಞಾನಿ ಪರ್ಸಿವಲ್ 1921ರಲ್ಲಿ ಟ್ರಿಟಿಕಂ ಸ್ಫೀರೊಕಾಕಂ ಎಂದು ಹೆಸರಿಸಿದ ಭಾರತೀಯ ಕುಬ್ಜ ಗೋಧಿಯ ಕಾಳು ಗುಂಡಗೆ, ತೆನೆ ಒತ್ತೊತ್ತಾಗಿರುತ್ತದೆ. 3ಡಿ ವರ್ಣತಂತುವಿನ ಒಂದು ಕೈನೇಸ್ ಕಿಣ್ವದ ವಂಶವಾಹಿಯಲ್ಲಾದ ಸಣ್ಣ ಬದಲಾವಣೆ ಬ್ರಾಸಿನೊಸ್ಟೀರಾಯ್ಡ್ ಹಾರ್ಮೋನಿನ ಸಂಕೇತವನ್ನು ಕುಗ್ಗಿಸುವುದೇ ಇದಕ್ಕೆ ಕಾರಣ. ಪೋಲೆಂಡ್ ಗೋಧಿಯ ನೀಳ ಕಾಳಿನ ಹಿಂದೆ 7ಎ ವರ್ಣತಂತುವಿನ ವಿಆರ್‌ಟಿ-ಎ2 ವಂಶವಾಹಿ ಇದೆ.

ಕಾಳು ದಪ್ಪವಾದ ಮಾತ್ರಕ್ಕೆ ಇಳುವರಿ ಹೆಚ್ಚುವುದಿಲ್ಲ. ತೂಕ ಏರಿದಾಗ ತೆನೆಯಲ್ಲಿ ಕಾಳುಗಳ ಸಂಖ್ಯೆ ಇಳಿಯುವುದೇ ಹೆಚ್ಚು, ತಳಿ ಅಭಿವೃದ್ಧಿಯ ನಿಜವಾದ ಕಗ್ಗಂಟು ಇದು. ಆದ್ದರಿಂದ ಯಾವುದೇ ವಂಶವಾಹಿಯ ಬೆಲೆಯನ್ನು ಸಾವಿರ ಕಾಳುಗಳ ತೂಕವೊಂದರಿಂದಲೇ ಕಟ್ಟುವುದು ಸರಿಯಲ್ಲ. ಅಪವಾದವೂ ಇದೆ: ಕೋಶಭಿತ್ತಿಯನ್ನು ಸಡಿಲಿಸುವ ಎಕ್ಸ್‌ಪಾನ್ಸಿನ್ ಪ್ರೋಟೀನನ್ನು ಬೆಳೆಯುತ್ತಿರುವ ಕಾಳಿನಲ್ಲೇ ಉತ್ಪಾದಿಸುವಂತೆ ಮಾಡಿದ ಗೋಧಿಯನ್ನು ಚಿಲಿ ದೇಶದ ಹೊಲದಲ್ಲಿ ಪರೀಕ್ಷಿಸಿದಾಗ ಕಾಳಿನ ಸಂಖ್ಯೆ ಕುಸಿಯದೆ ಇಳುವರಿ ಸುಮಾರು ಶೇ. 11ರಷ್ಟು ಹೆಚ್ಚಿತು, ಈ ಫಲಿತಾಂಶ 2021ರಲ್ಲಿ ಪ್ರಕಟವಾಯಿತು.